ಸ್ನೋಮೊಬೈಲ್ ಬೆಲ್ಟ್ ಮತ್ತೆ ಮತ್ತೆ ಕಟ್ ಆಗ್ತಿದೆಯಾ? ಕಾರಣ ಹುಡುಕುವುದು ಹೀಗೆ

ಕಳೆದ ಚಳಿಗಾಲದಲ್ಲಿ ನನ್ನ ಸ್ಲೆಡ್, ಅಂದರೆ ಹಿಮದ ಮೇಲೆ ಓಡುವ ಸ್ನೋಮೊಬೈಲ್, ನಾಲ್ಕು ಬೆಲ್ಟ್ ತಿಂದಿತು. ಮೊದಲನೆಯದು ಹೋದಾಗ ಹಳೆಯದಾಗಿತ್ತು ಬಿಡು ಅಂದುಕೊಂಡೆ. ಎರಡನೆಯದು ಹೋದಾಗ ಬೆಲ್ಟ್ ಮಾಲು ಸರಿ ಇಲ್ಲ ಅಂದೆ. ಮೂರನೆಯದಕ್ಕೆ ನಾನೇ ಥ್ರಾಟಲ್ ಜಾಸ್ತಿ ಒತ್ತಿದೆನೇನೋ ಅನ್ನಿಸಿತು. ನಾಲ್ಕನೆಯದು ಕಟ್ ಆಗಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್ ಹತ್ತಿರ, ಬೌಲ್ಡರ್ ಮೌಂಟನ್ ಮೇಲೆ, ಮಧ್ಯಾಹ್ನ ಮೂರೂವರೆಗೆ, ಬೆಳಕು ಇಳಿಯುವ ಹೊತ್ತಿಗೆ. ಹಾಕಿ 70 ಕಿಲೋಮೀಟರ್ ಕೂಡ ಆಗಿರಲಿಲ್ಲ. ನಾನು ಕೊಟ್ಟಿದ್ದು ಬೆಲ್ಟ್ ಒಂದಕ್ಕೆ 200 ಕೆನಡಾ ಡಾಲರ್ ಮೇಲೆ. ಆದರೆ ದುಡ್ಡಿಗಿಂತ ಹೆಚ್ಚಾಗಿ ಹೆದರಿಸಿದ್ದು ನಾನು ಆಗ ನಿಂತಿದ್ದ ಜಾಗ. ನನ್ನ ಮೇಲ್ಗಡೆ ಕಡಿದಾದ ಇಳಿಜಾರು, ತುಂಬಾ ಹೊಸ ಹಿಮ.

ಮನೆಗೆ ಬಂದು ನಾಲ್ಕೂ ಸತ್ತ ಬೆಲ್ಟ್‌ಗಳನ್ನು ಗ್ಯಾರೇಜ್ ನೆಲದ ಮೇಲೆ ಸಾಲಾಗಿ ಹಾಕಿ ನೋಡಿದೆ. ನಾಲ್ಕರಲ್ಲೂ ಒಂದೇ ಅಂಚು, ಎಂಜಿನ್ ಕಡೆಗಿರುವ ಅಂಚು, ಇಲಿ ಕಡಿದ ಹಾಗೆ ಆಗಿತ್ತು. ಇದನ್ನು ಮೊದಲನೇ ಬೆಲ್ಟ್ ಹೋದಾಗಲೇ ನೋಡಿದ್ದರೆ ಇನ್ನು ಮೂರು ಉಳಿಯುತ್ತಿದ್ದವು. ಅದಕ್ಕೇ ಈ ಬರಹ. ಒಂದು ಬೆಲ್ಟ್ ಹೋದರೆ ಬೆಲ್ಟನ್ನೇ ದೂರಬಹುದು. ಒಂದೇ ಸೀಸನ್‌ನಲ್ಲಿ ಎರಡು ಮೂರು ಹೋದರೆ ಯಾವುದೋ ಬೇರೆ ಭಾಗ ಅದನ್ನು ಕೊಲ್ಲುತ್ತಿದೆ. ಆ ಭಾಗವನ್ನು ಹುಡುಕದೆ ಹೊಸ ಬೆಲ್ಟ್ ಹಾಕಬೇಡಿ.

ಮೊದಲು ಒಳಗೆ ಏನು ನಡೆಯುತ್ತದೆ ಅಂತ ತಿಳಿದುಕೊಳ್ಳೋಣ. ಊರಲ್ಲಿ ಗೇರಿಲ್ಲದ ಸ್ಕೂಟರ್ ಓಡಿಸಿದವರಿಗೆ ಇದು ಹೊಸದಲ್ಲ, ಅದೇ ಸಿವಿಟಿ, ಗೇರಿನ ಬದಲು ಬೆಲ್ಟ್ ಮೇಲೆ ಕೆಳಗೆ ಸರಿದು ಕೆಲಸ ಮಾಡುವ ವ್ಯವಸ್ಥೆ. ಮುಂದೆ ಎಂಜಿನ್ ತಿರುಗಿಸುವ ಕ್ರ್ಯಾಂಕ್ ಮೇಲೆ ಪ್ರೈಮರಿ ಕ್ಲಚ್, ಹಿಂದೆ ಟ್ರ್ಯಾಕ್ ಕಡೆಗೆ ಶಕ್ತಿ ಒಯ್ಯುವ ಜಾಕ್‌ಶಾಫ್ಟ್ ಮೇಲೆ ಸೆಕೆಂಡರಿ ಕ್ಲಚ್, ನಡುವೆ ವಿ ಆಕಾರದ ರಬ್ಬರ್ ಬೆಲ್ಟ್. ಎಂಜಿನ್ ವೇಗ ಏರಿದಂತೆ ಪ್ರೈಮರಿ ಒಳಗಿನ ವೇಟ್‌ಗಳು ಹೊರಕ್ಕೆ ಬೀಸಿ ಎರಡು ತಟ್ಟೆಗಳನ್ನು ಹತ್ತಿರ ತಳ್ಳುತ್ತವೆ, ಬೆಲ್ಟ್ ಅಲ್ಲಿ ಮೇಲೇರುತ್ತದೆ. ಸೆಕೆಂಡರಿಯಲ್ಲಿ ಸ್ಪ್ರಿಂಗ್ ಮತ್ತು ಹೀಲಿಕ್ಸ್ (ಓರೆ ದಾರಿ ಇರುವ ಲೋಹದ ಭಾಗ) ಬೆಲ್ಟನ್ನು ಅದುಮಿ ಹಿಡಿದುಕೊಂಡೇ ನಿಧಾನಕ್ಕೆ ಒಳಗೆ ಇಳಿಯಲು ಬಿಡುತ್ತವೆ. ಅಷ್ಟೇ. ಸ್ಕೂಟರ್ ಬೆಲ್ಟ್ ಇಪ್ಪತ್ತು ಸಾವಿರ ಕಿಲೋಮೀಟರ್ ಆರಾಮಾಗಿ ಬಾಳುತ್ತದೆ, ಯಾಕೆಂದರೆ ಅದು ಎಂಟೊಂಬತ್ತು ಕುದುರೆ ಶಕ್ತಿಯ ಕೆಲಸ. ಬೆಟ್ಟದ ಸ್ಲೆಡ್‌ನಲ್ಲಿ 850 ಸಿಸಿ ಟೂ-ಸ್ಟ್ರೋಕ್ ಎಂಜಿನ್, 160 ಕುದುರೆ ಶಕ್ತಿಯ ಆಸುಪಾಸು, 8000 ಆರ್‌ಪಿಎಂ, 165 ಇಂಚು ಉದ್ದದ ಟ್ರ್ಯಾಕ್ (ಹಿಮ ಕೆರೆದು ಸ್ಲೆಡ್ಡನ್ನು ಮುಂದೆ ತಳ್ಳುವ ಅಗಲವಾದ ಪಟ್ಟಿ), ಸೊಂಟದ ಮಟ್ಟದ ಹಿಮ. ಪೂರ್ತಿ ಥ್ರಾಟಲ್ ಕೊಟ್ಟರೂ ಮುಂದೆ ಹೋಗುವ ವೇಗ ಕಡಿಮೆ. ಇಷ್ಟು ಶಕ್ತಿಯೂ ಒಂದು ರಬ್ಬರ್ ಪಟ್ಟಿಯ ಎರಡು ಪಕ್ಕೆಗಳ ಮೂಲಕವೇ ಹೋಗಬೇಕು. ಸ್ವಲ್ಪ ಜಾರಿದರೂ ಅದು ಬಿಸಿಯಾಗಿ ಬದಲಾಗುತ್ತದೆ. ಬೆಲ್ಟನ್ನು ಕೊಲ್ಲುವುದು ಹೆಚ್ಚಾಗಿ ಈ ಬಿಸಿಯೇ.

ಬೆಟ್ಟದ ಮೇಲೆ ಕಟ್ ಆದ ತಕ್ಷಣ

ಢಂ ಅಂತ ಸದ್ದು ಬರುತ್ತದೆ, ಎಂಜಿನ್ ಸುಮ್ನೆ ಕಿರುಚುತ್ತದೆ, ಸ್ಲೆಡ್ ಮುಂದೆ ಹೋಗುವುದಿಲ್ಲ. ಥ್ರಾಟಲ್ ಬಿಡಿ. ಇಳಿಜಾರಿನಲ್ಲಿದ್ದರೆ ನೆನಪಿಡಿ, ಬೆಲ್ಟ್ ಇಲ್ಲದಿದ್ದರೆ ಎಂಜಿನ್ ಬ್ರೇಕಿಂಗ್ ಇರುವುದಿಲ್ಲ, ಕೈ ಬ್ರೇಕ್ ಒಂದೇ ಗತಿ. ಹಿಮಕುಸಿತ ಆಗಬಹುದಾದ ಇಳಿಜಾರಿನ ಕೆಳಗೆ ನಿಂತು ಬೆಲ್ಟ್ ಬದಲಾಯಿಸಬೇಡಿ. ಸಾಧ್ಯವಾದಷ್ಟು ಪಕ್ಕಕ್ಕೆ ಜಾರಿಸಿಕೊಂಡು ಹೋಗಿ, ಇಲ್ಲವೇ ಜೊತೆಗಿದ್ದವರ ಸ್ಲೆಡ್‌ಗೆ ಹಗ್ಗ ಕಟ್ಟಿ ಎಳೆಸಿ. ಹೊರಡುವ ಮೊದಲೇ ಅವಲಾಂಚ್ ಕೆನಡಾದವರ ಆ ದಿನದ ಹಿಮಕುಸಿತದ ಮುನ್ಸೂಚನೆ ನೋಡಿರಬೇಕು. ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಹುಡುಕಲು ಸಿಗ್ನಲ್ ಕೊಡುವ ಸಾಧನ) ಮೈಮೇಲೆ, ಸಲಿಕೆ ಮತ್ತು ಪ್ರೋಬ್ (ಹಿಮ ಚುಚ್ಚಿ ನೋಡುವ ಉದ್ದ ಕೋಲು) ಬೆನ್ನಚೀಲದಲ್ಲಿ ಇರಬೇಕು. ಸ್ಲೆಡ್ ಪೆಟ್ಟಿಗೆಯಲ್ಲಿಟ್ಟರೆ ಉಪಯೋಗಕ್ಕಿಲ್ಲ.

ಕೀಲಿ ತೆಗೆದು, ಟೆದರ್ (ಕಿತ್ತರೆ ಎಂಜಿನ್ ನಿಲ್ಲುವ ಸುರಕ್ಷತಾ ಹಗ್ಗ) ಕಿತ್ತು, ಆಮೇಲೆ ಪಕ್ಕದ ಪ್ಯಾನೆಲ್ ತೆರೆಯಿರಿ. ತಟ್ಟೆಗಳು ಕೈ ಸುಡುತ್ತವೆ, ಗ್ಲೌಸ್ ಹಾಕಿಕೊಂಡಿರಿ. ಹೊಸ ಬೆಲ್ಟ್ ಹಾಕುವ ಆತುರ ಎಲ್ಲರಿಗೂ ಇರುತ್ತದೆ. ನನಗೂ ಇತ್ತು. ಎರಡನೇ ಬೆಲ್ಟ್ ಅಷ್ಟು ಬೇಗ ಹೋಗಿದ್ದಕ್ಕೆ ಅದೂ ಒಂದು ಕಾರಣ ಅಂತ ಈಗ ಗೊತ್ತಾಗಿದೆ. ಬೆಲ್ಟ್ ಒಳಗೆ ನೂಲಿನ ಹಾಗೆ ಅರಾಮಿಡ್ ನಾರು ಇರುತ್ತದೆ. ಕಟ್ ಆದಾಗ ಅದು ಶಾಫ್ಟ್ ಸುತ್ತ, ಸೆಕೆಂಡರಿ ಹಿಂದಿನ ಬೇರಿಂಗ್ ಹತ್ತಿರ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಪ್ರೈಮರಿಯ ತಟ್ಟೆಗಳ ನಡುವೆಯೂ ಚೂರುಗಳು ಸಿಕ್ಕಿಕೊಂಡಿರುತ್ತವೆ. ಚಿಕ್ಕ ಚಾಕು, ಉದ್ದ ಮೂಗಿನ ಇಕ್ಕಳ, ಹೆಡ್‌ಲ್ಯಾಂಪ್ ಇಟ್ಟುಕೊಂಡಿರಿ. ನಾರು ಪೂರ್ತಿ ಕತ್ತರಿಸಿ ಎಳೆಯಿರಿ. ಸೆಕೆಂಡರಿಯನ್ನು ಕೈಯಲ್ಲಿ ತೆರೆದು ಮುಚ್ಚಿ ನೋಡಿ, ಎಲ್ಲೂ ತಡೆಯಬಾರದು. ಆಮೇಲೆ ಬ್ರೇಕ್ ಹೋಸ್, ಕೂಲೆಂಟ್ ಪೈಪ್, ವೈರುಗಳ ಮೇಲೆ ಕಣ್ಣಾಡಿಸಿ. 8000 ಆರ್‌ಪಿಎಂನಲ್ಲಿ ಹರಿದ ಬೆಲ್ಟ್ ಚಾಟಿ ಬೀಸಿದ ಹಾಗೆ ಬಡಿದಿರುತ್ತದೆ.

ಚೂರುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ. ಬೆಟ್ಟದಲ್ಲಿ ಕಸ ಬಿಡಬಾರದು ಅನ್ನುವುದು ಸರಿಯೇ, ಜೊತೆಗೆ ಮನೆಯಲ್ಲಿ ಕೂತು ನೋಡಲು ಅದು ಬೇಕು.

ಸತ್ತ ಬೆಲ್ಟ್ ನೋಡುವುದು

ಎರಡು ಪಕ್ಕೆ ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಉಗುರು ಒತ್ತಿದರೂ ಇಳಿಯದಷ್ಟು ಗಟ್ಟಿಯಾಗಿದ್ದರೆ, ಬೆಲ್ಟ್ ಬಹಳ ಹೊತ್ತು ಜಾರಿ ಬೆಂದಿದೆ. ಒಂದೇ ಜಾಗದಲ್ಲಿ ಎರಡೂ ಕಡೆಯಿಂದ ತಿಂದು ಸೊಂಟ ಸಣ್ಣಗಾದ ಹಾಗೆ ಇದ್ದರೆ ಟ್ರ್ಯಾಕ್ ನಿಂತಿದ್ದಾಗ ಥ್ರಾಟಲ್ ಕೊಟ್ಟಿದ್ದೀರಿ. ಟ್ರ್ಯಾಕ್ ಹಿಮದಲ್ಲಿ ಅಂಟಿಕೊಂಡಿತ್ತು, ಅಥವಾ ಸ್ಲೆಡ್ ಹೂತುಹೋಗಿತ್ತು, ಸೆಕೆಂಡರಿ ತಿರುಗಲಿಲ್ಲ, ಪ್ರೈಮರಿ ಮಾತ್ರ ಅದೇ ಜಾಗವನ್ನು ಉಜ್ಜುತ್ತಾ ಹೋಯಿತು. ಈ ಬೆಲ್ಟ್ ಇನ್ನೂ ತುಂಡಾಗಿಲ್ಲದಿದ್ದರೂ ಮುಗಿಯಿತು ಅಂತಲೇ ಲೆಕ್ಕ. ಓಡಿಸುವಾಗ ದಡ್ ದಡ್ ಅಂತ ಒಂದೇ ತಾಳದಲ್ಲಿ ಬಡಿಯುತ್ತದೆ.

ಹಲ್ಲುಗಳ ಬುಡದಲ್ಲಿ ಬಿರುಕು, ಅಲ್ಲಲ್ಲಿ ಹಲ್ಲೇ ಕಿತ್ತು ಹೋಗಿರುವುದು, ಇದು ವಯಸ್ಸು ಮತ್ತು ಬಿಸಿ ಎರಡೂ ಸೇರಿದ್ದು. ಗಟ್ಟಿಗಟ್ಟಿದ ಬೆಲ್ಟನ್ನು ಬೆಳಿಗ್ಗೆ ಮೈನಸ್ 25 ಡಿಗ್ರಿಯಲ್ಲಿ ಒಮ್ಮೆಲೇ ಎಳೆಸಿದರೂ ಹೀಗಾಗುತ್ತದೆ. ನೇರವಾಗಿ ಅಡ್ಡಕ್ಕೆ ಚಾಕುವಿನಲ್ಲಿ ಕತ್ತರಿಸಿದ ಹಾಗೆ ತುಂಡಾಗಿದ್ದರೆ ಪಕ್ಕೆಗಳನ್ನು ನೋಡಿ. ಅವು ಚೆನ್ನಾಗಿದ್ದರೆ ಅದು ಏಟು. ಗಾಳಿಯಲ್ಲಿ ಹಾರಿ ಥ್ರಾಟಲ್ ಒತ್ತಿಕೊಂಡೇ ನೆಲಕ್ಕೆ ಬಂದಿದ್ದೀರಿ, ಅಥವಾ ಟ್ರ್ಯಾಕ್‌ಗೆ ಏನೋ ಸಿಕ್ಕಿ ಗಕ್ಕನೆ ನಿಂತಿದೆ.

ಒಂದೇ ಅಂಚು ಸವೆದು ನಾರು ಹೊರಗೆ ಬಂದಿದ್ದರೆ ಎರಡು ಕ್ಲಚ್ ಒಂದೇ ಗೆರೆಯಲ್ಲಿಲ್ಲ. ನನ್ನದು ಇದೇ ಆಗಿತ್ತು. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಬೇರೆಲ್ಲ ತಪ್ಪುಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ, ಇದು ಬೀಳುವುದಿಲ್ಲ.

ನಿಂತಾಗ ಸರಿ, ಎಳೆದಾಗ ತಪ್ಪು

ಕ್ಲಚ್‌ಗಳು ಒಂದೇ ಗೆರೆಯಲ್ಲಿವೆಯೇ ಅಂತ ನೋಡಲು ನಿಮ್ಮ ಮಾಡೆಲ್‌ಗೆ ಸರಿಯಾದ ಅಲೈನ್‌ಮೆಂಟ್ ಬಾರ್ ಸಿಗುತ್ತದೆ. ಬೆಲ್ಟ್ ತೆಗೆದು, ಅದನ್ನು ಎರಡು ಕ್ಲಚ್ ನಡುವೆ ಇಟ್ಟು ನೋಡಬೇಕು. ಮೂರು ವಿಷಯ ಅಳೆಯುತ್ತೀರಿ: ಎರಡು ಕ್ಲಚ್‌ಗಳ ನಡುವಿನ ದೂರ, ಒಂದಕ್ಕಿಂತ ಇನ್ನೊಂದು ಎಷ್ಟು ಹೊರಗಿದೆ, ಮತ್ತು ಎರಡೂ ಸಮಾನಾಂತರವಾಗಿವೆಯೇ. ಅಂಕಿ ಮ್ಯಾನುಯಲ್‌ನಲ್ಲಿರುತ್ತದೆ, ಬೇರೆಯವರ ಸ್ಲೆಡ್ ಅಂಕಿ ತಗೊಳ್ಳಬೇಡಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಕೂಡ ಇಲ್ಲಿ ದೊಡ್ಡದು.

ನಾನು ಇದನ್ನು ಎರಡು ಸಲ ಮಾಡಿದೆ. ಒಂದು ವರ್ಕ್‌ಶಾಪ್‌ನವರೂ ಮಾಡಿ ಎಲ್ಲ ಪರ್ಫೆಕ್ಟ್ ಅಂತ ಬಿಲ್ ಕೊಟ್ಟರು. ಅಳತೆ ನಿಜವಾಗಿಯೂ ಸರಿಯಿತ್ತು. ಆದರೆ ಅದು ಎಂಜಿನ್ ಸುಮ್ಮನೆ ಕೂತಿದ್ದಾಗಿನ ಅಳತೆ. ಪೂರ್ತಿ ಥ್ರಾಟಲ್‌ನಲ್ಲಿ ಬೆಲ್ಟ್ ಎಂಜಿನ್ನನ್ನೇ ಹಿಂದಕ್ಕೆ ಎಳೆಯುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ಎಂಜಿನ್ ಕೂತಿರುವ ರಬ್ಬರ್ ಮೌಂಟ್‌ಗಳು ಮತ್ತು ಕೆಲವು ಸ್ಲೆಡ್‌ಗಳಲ್ಲಿ ಒಂದು ಟಾರ್ಕ್ ಸ್ಟಾಪ್, ಅಂದರೆ ಎಂಜಿನ್ ಜಾಸ್ತಿ ಸರಿಯದಂತೆ ತಡೆಯುವ ಭಾಗ.

ಕೊನೆಗೆ ಒಂದು ಭಾನುವಾರ ಮರದ ತುಂಡೊಂದನ್ನು ಅಡ್ಡ ಇಟ್ಟು, ಉದ್ದದ ಸಬ್ಬಲಿನಿಂದ ಎಂಜಿನ್ನನ್ನು ಕ್ಲಚ್ ಕಡೆಯಿಂದ ಮೆಲ್ಲಗೆ ಹಿಂದಕ್ಕೆ ಒತ್ತಿದೆ. ಇನ್ನೊಂದು ಕೈಯಲ್ಲಿ ಟಾರ್ಚ್. ಕ್ಲಚ್ ಕಡೆಯ ಮುಂದಿನ ಮೌಂಟ್‌ನಲ್ಲಿ ರಬ್ಬರ್ ಮತ್ತು ಲೋಹದ ನಡುವೆ ಉಗುರು ತೂರುವಷ್ಟು ಬಾಯಿ ತೆರೆಯಿತು. ಒತ್ತುವುದು ಬಿಟ್ಟೆ, ಮುಚ್ಚಿಕೊಂಡಿತು. ಮತ್ತೆ ಒತ್ತಿದೆ, ಮತ್ತೆ ತೆರೆಯಿತು. ಬಿಟ್ಟಾಗ ನೋಡಿದರೆ ಅಲ್ಲಿ ಬಿರುಕಿದೆ ಅಂತ ಯಾರೂ ಹೇಳಲಾರರು. ಇಡೀ ಚಳಿಗಾಲ ನಾನು ಥ್ರಾಟಲ್ ಒತ್ತಿದಾಗಲೆಲ್ಲ ಪ್ರೈಮರಿ ಓರೆಯಾಗಿ ಹಿಂದೆ ಸರಿಯುತ್ತಿತ್ತು, ಬೆಲ್ಟ್ ಸಡಿಲವಾಗುತ್ತಿತ್ತು, ಒಂದು ಅಂಚು ಮಾತ್ರ ತಟ್ಟೆಗೆ ತಿಕ್ಕುತ್ತಿತ್ತು. ಹೊಸ ಮೌಂಟ್ ಬೆಲೆ ಒಂದು ಬೆಲ್ಟ್‌ಗಿಂತ ಕಡಿಮೆ.

ಆದ್ದರಿಂದ ಅಲೈನ್‌ಮೆಂಟ್ ಸರಿ ಇದ್ದೂ ಅಂಚು ಸವೆಯುತ್ತಿದ್ದರೆ ಮೌಂಟ್ ನೋಡಿ. ಎಲ್ಲವನ್ನೂ ಒತ್ತಡ ಹಾಕಿ ನೋಡಿ. ಬೋಲ್ಟ್‌ಗಳು ಸಡಿಲವಾಗಿವೆಯೇ ನೋಡಿ. ಟಾರ್ಕ್ ಸ್ಟಾಪ್ ಇದ್ದರೆ ಅದರ ಅಂತರ ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಇರಬೇಕು. ಒಂದು ಮೌಂಟ್ ಹರಿದಿದ್ದರೆ ಜೊತೆಯದನ್ನೂ ಬದಲಾಯಿಸಿ, ಆಮೇಲೆ ಮತ್ತೊಮ್ಮೆ ಅಲೈನ್‌ಮೆಂಟ್ ಅಳೆಯಿರಿ.

ಬಿಸಿ ಎಲ್ಲಿದೆ

20-30 ಡಾಲರ್‌ಗೆ ಸಿಗುವ ಇನ್‌ಫ್ರಾರೆಡ್ ಥರ್ಮಾಮೀಟರ್ ತಗೊಳ್ಳಿ. ಒಂದು ಗಟ್ಟಿ ಏರು ಹತ್ತಿದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಪ್ಯಾನೆಲ್ ತೆರೆದ ತಕ್ಷಣ ಬೆಲ್ಟ್ ಮತ್ತು ಎರಡು ಕ್ಲಚ್ ತಟ್ಟೆ ಮೂರನ್ನೂ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಈ ಯಂತ್ರ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಆದ್ದರಿಂದ ಪ್ರತಿ ಸಲ ಅದೇ ಜಾಗಕ್ಕೆ ಹಿಡಿದು ಹೋಲಿಸಿ. ನಾನು ಬೆಲ್ಟ್ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಥ್ರಾಟಲ್ ಇಳಿಸುತ್ತೇನೆ. 100ರ ಹತ್ತಿರ ಹೋದರೆ ಅವತ್ತಿನ ಏರು ಬಿಟ್ಟು ಕಾರಣ ಹುಡುಕುತ್ತೇನೆ.

ಯಾವ ಕ್ಲಚ್ ಜಾಸ್ತಿ ಬಿಸಿ ಅನ್ನುವುದೂ ಮುಖ್ಯ. ಪ್ರೈಮರಿ ಮಾತ್ರ ಸುಡುತ್ತಿದ್ದರೆ ಸಾಮಾನ್ಯವಾಗಿ ಬೆಲ್ಟ್ ಅಲ್ಲೇ ಜಾರುತ್ತಿದೆ. ಬೆಲ್ಟ್ ಸಡಿಲ ಇದೆಯೇ, ವೇಟ್‌ಗಳು ತೀರಾ ಹಗುರವೇ, ಒಳಗಿನ ರೋಲರ್, ಬುಶ್ ಸವೆದಿವೆಯೇ ನೋಡಬೇಕು. ಸೆಕೆಂಡರಿ ಸುಡುತ್ತಿದ್ದರೆ ಅಲ್ಲಿ ಹಿಡಿತ ಸಾಲುತ್ತಿಲ್ಲ. ಸ್ಪ್ರಿಂಗ್ ಸೋತಿರಬಹುದು, ಹೀಲಿಕ್ಸ್ ಕೋನ ನಿಮ್ಮ ಸವಾರಿಗೆ ಜಾಸ್ತಿಯಾಗಿರಬಹುದು, ಅಥವಾ ತಟ್ಟೆ ಎಲ್ಲೋ ಸಿಕ್ಕಿಕೊಳ್ಳುತ್ತಿರಬಹುದು. ಎರಡೂ ಒಂದೇ ಸಮ ಬಿಸಿಯಾಗಿದ್ದರೆ ಭಾರ ಜಾಸ್ತಿ ಅಥವಾ ಗಾಳಿ ಸಾಲದು. ಪ್ಯಾನೆಲ್‌ನ ಜಾಲರಿಗೆ ಹಿಮ ಮೆತ್ತಿ ಮುಚ್ಚಿದ್ದರೆ ಒಳಗೆ ಒಲೆ ಉರಿದ ಹಾಗೆ ಆಗುತ್ತದೆ. ಕೈಯಲ್ಲಿ ಒರೆಸಿದರೆ ಸಾಕು, ಆದರೆ ಒರೆಸುವ ನೆನಪಿರಬೇಕು.

ಬೆಲ್ಟ್ ಬಿಗಿ ನೋಡುವುದು ಸುಲಭ. ಸೆಕೆಂಡರಿಯಲ್ಲಿ ಬೆಲ್ಟ್‌ನ ಮೇಲ್ಭಾಗ ತಟ್ಟೆಯ ಅಂಚಿಗೆ ಸಮವಾಗಿ ಅಥವಾ ಒಂದೂವರೆ ಮಿಲಿಮೀಟರ್ ಹೊರಗೆ ಕೂತಿರಬೇಕು. ಒಳಗೆ ಇಳಿದಿದ್ದರೆ ಸಡಿಲ. ಹೊರಡುವಾಗ ಜಗ್ಗುತ್ತದೆ, ಸುಡುತ್ತದೆ. ತೀರಾ ಬಿಗಿಯಾದರೆ ಎಂಜಿನ್ ಐಡಲ್‌ನಲ್ಲಿದ್ದಾಗಲೇ ಸ್ಲೆಡ್ ತೆವಳುತ್ತದೆ. ಸೆಕೆಂಡರಿ ಮೇಲಿನ ಅಡ್ಜಸ್ಟರ್‌ನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಕ್ಲಚ್ ತಿರುಗಿಸಿ ಬೆಲ್ಟ್ ಕೂರಿಸಿ ನೋಡಿ.

ತಟ್ಟೆಗಳ ಮೇಲೆ ಕಪ್ಪು ರಬ್ಬರ್ ಪದರ ಕೂತಿದ್ದರೆ ಹೊಸ ಬೆಲ್ಟ್ ಮೊದಲ ದಿನದಿಂದಲೇ ಜಾರುತ್ತದೆ. ಮರೂನ್ ಬಣ್ಣದ ಸ್ಕಾಚ್-ಬ್ರೈಟ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬೆಳ್ಳಗೇ ಬರುವ ತನಕ ಒರೆಸಬೇಕು. ಬೆಲ್ಟ್ ಪುಡಿಯನ್ನು ಕಂಪ್ರೆಸರ್ ಗಾಳಿಯಲ್ಲಿ ಊದುವಾಗ ಮಾಸ್ಕ್ ಹಾಕಿಕೊಳ್ಳಿ. ಎಣ್ಣೆ, ಗ್ರೀಸ್ ಮಾತ್ರ ತಟ್ಟೆಗಳ ಹತ್ತಿರ ಸುಳಿಯಬಾರದು.

ಎತ್ತರ, ಟರ್ಬೊ, ಟ್ರ್ಯಾಕ್

ಪ್ರತಿ 300 ಮೀಟರ್ ಎತ್ತರಕ್ಕೆ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಸುಮಾರು 3 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದ ವೇಟ್ ಹಾಕಿಕೊಂಡು 2000 ಮೀಟರ್ ಮೇಲೆ ಹೋದರೆ ಎಂಜಿನ್ ತನ್ನ ಆರ್‌ಪಿಎಂ ತಲುಪುವುದಿಲ್ಲ, ಕ್ಲಚ್ ತಪ್ಪಾದ ಹೊತ್ತಿಗೆ ಮೇಲಿನ ಗೇರಿಗೆ ಹೋದ ಹಾಗೆ ಸರಿಯುತ್ತದೆ, ಸ್ಲೆಡ್ ಒದ್ದಾಡುತ್ತದೆ. ಬಯಲು ಸೀಮೆಯಲ್ಲಿ ಓಡಿದ ಸ್ಲೆಡ್ ಸೆಕೆಂಡ್ ಹ್ಯಾಂಡ್ ತಗೊಂಡವರು ಇದನ್ನು ಮೊದಲು ನೋಡಿ. ಒಳ್ಳೆ ಹಿಮದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಮೀಟರ್‌ನಲ್ಲಿ ಎಷ್ಟು ಆರ್‌ಪಿಎಂ ಬರುತ್ತದೆ ಅಂತ ಓದಿ, ಕಂಪನಿ ಹೇಳಿದ್ದಕ್ಕೆ ಹೋಲಿಸಿ. ಕಡಿಮೆ ಬಂದರೆ ವೇಟ್ ಜಾಸ್ತಿ, ಮೀರಿದರೆ ವೇಟ್ ಕಡಿಮೆ ಅಥವಾ ಬೆಲ್ಟ್ ಜಾರುತ್ತಿದೆ.

ಟರ್ಬೊ ಸ್ಲೆಡ್‌ಗಳದು ಬೇರೆ ಕಥೆ. ಸ್ಕೀ-ಡೂ 2020ರ ಮಾಡೆಲ್‌ನಿಂದ, ಪೊಲಾರಿಸ್ 2022ರ ಮಾಡೆಲ್‌ನಿಂದ ಫ್ಯಾಕ್ಟರಿಯಲ್ಲೇ ಟರ್ಬೊ ಕೂರಿಸಿದ 850 ಕೊಡುತ್ತಿವೆ. ಎತ್ತರದಲ್ಲೂ ಇವುಗಳ ಶಕ್ತಿ ಅಷ್ಟಾಗಿ ಕಡಿಮೆಯಾಗುವುದಿಲ್ಲ, ಅಂದರೆ ಎತ್ತರದಲ್ಲೂ ಬೆಲ್ಟ್‌ಗೆ ವಿಶ್ರಾಂತಿ ಇಲ್ಲ ಅಂತಲೇ ಅರ್ಥ. ಇವಕ್ಕೆ ಕಂಪನಿ ಹೇಳಿದ ಪಾರ್ಟ್ ನಂಬರ್ ಬೆಲ್ಟೇ ಹಾಕಿ. ನೋಡಲು ಒಂದೇ ಥರ ಇರುವ ಬೇರೆ ಬೆಲ್ಟ್ ಅರ್ಧ ಮಿಲಿಮೀಟರ್ ಅಗಲದಲ್ಲೋ, ಪಕ್ಕೆಯ ಕೋನದಲ್ಲೋ ಬೇರೆ ಇರುತ್ತದೆ. ಟರ್ಬೊ ಇಲ್ಲದವರಿಗೂ ಈ ಮಾತು ಸಲ್ಲುತ್ತದೆ.

ಬೆಲ್ಟ್ ತೆಗೆದಿದ್ದಾಗಲೇ ಸ್ಲೆಡ್‌ನ ಹಿಂಭಾಗ ಎತ್ತಿ ಟ್ರ್ಯಾಕ್ ಕೈಯಲ್ಲಿ ತಿರುಗಿಸಿ. ಹಗುರವಾಗಿ ತಿರುಗಬೇಕು. ಬ್ರೇಕ್ ಹಿಡಿದುಕೊಂಡಿದ್ದರೆ, ಬೇರಿಂಗ್ ಕರಕರ ಅಂದರೆ, ಟ್ರ್ಯಾಕ್ ತೀರಾ ಬಿಗಿಯಾಗಿದ್ದರೆ ಆ ಭಾರವನ್ನೆಲ್ಲ ಬೆಲ್ಟೇ ಹೊರುತ್ತದೆ.

ನಮ್ಮ ಕೈಯಲ್ಲಿರುವುದು

ಬೆಳಿಗ್ಗೆ ಸ್ಟಾರ್ಟ್ ಮಾಡಿ ಎಂಜಿನ್ ಬಿಸಿಯಾದ ಮೇಲೆ ಹಿಂಭಾಗ ಎತ್ತಿ ಬಿಡಿ, ಅಂಟಿದ ಟ್ರ್ಯಾಕ್ ಬಿಡಿಸಿಕೊಳ್ಳುತ್ತದೆ. ಮೊದಲ ಐದು ಹತ್ತು ನಿಮಿಷ ಮೆಲ್ಲಗೆ ಹೋಗಿ. ಹೂತುಹೋದಾಗ ಥ್ರಾಟಲ್ ಒತ್ತಿ ಹಿಡಿಯಬೇಡಿ. ಸಲಿಕೆ ತೆಗೆದು ಟ್ರ್ಯಾಕ್ ಮುಂದಿನ ಹಿಮ ತೋಡಿ, ತುಳಿದು ಗಟ್ಟಿ ಮಾಡಿ. ರಿವರ್ಸ್ ಹಾಕಿ ಆಳದ ಹಿಮದಿಂದ ಹೊರಬರಲು ಹೋಗುವುದು ಇನ್ನೂ ಕೆಟ್ಟದ್ದು. ಎಲೆಕ್ಟ್ರಾನಿಕ್ ರಿವರ್ಸ್ ಇರುವ ಟೂ-ಸ್ಟ್ರೋಕ್‌ಗಳಲ್ಲಿ ಎಂಜಿನ್ನೇ ಉಲ್ಟಾ ತಿರುಗುತ್ತದೆ, ಬೆಲ್ಟ್ ಕೂಡ. ಉದ್ದದ ಏರು ಮುಗಿದ ಮೇಲೆ ತಕ್ಷಣ ಆಫ್ ಮಾಡದೆ ಒಂದೆರಡು ನಿಮಿಷ ನಿಧಾನಕ್ಕೆ ಓಡಾಡಿಸಿದರೆ ಕ್ಲಚ್ ಬೀಸುವ ಗಾಳಿಯಲ್ಲೇ ಬೆಲ್ಟ್ ತಣಿಯುತ್ತದೆ.

ಹೊಸ ಬೆಲ್ಟನ್ನು ಬೆಚ್ಚಗಿನ ಸೋಪು ನೀರಲ್ಲಿ ತೊಳೆದು ಒಣಗಿಸಿ ಹಾಕುತ್ತೇನೆ. ಮೊದಲ 50 ಕಿಲೋಮೀಟರ್ ಪೂರ್ತಿ ಥ್ರಾಟಲ್ ಇಲ್ಲ, ಒಂದೇ ವೇಗದಲ್ಲೂ ಹೋಗುವುದಿಲ್ಲ, ಏರಿಸುತ್ತಾ ಇಳಿಸುತ್ತಾ ಹೋಗುತ್ತೇನೆ. ಇದರಲ್ಲಿ ನಾನು ಈಗ ಮಾಡುವ ಒಂದು ಬದಲಾವಣೆ ಎಲ್ಲರಿಗೂ ಹೇಳುತ್ತೇನೆ: ಸೀಸನ್ ಶುರುವಿನಲ್ಲಿ ಎರಡು ಬೆಲ್ಟ್ ತಗೊಂಡು ಎರಡನ್ನೂ ಹೀಗೆ ಪಳಗಿಸಿ, ಒಂದನ್ನು ಸ್ಪೇರ್ ಆಗಿ ಇಟ್ಟುಕೊಳ್ಳಿ. ಬೆಟ್ಟದ ತುದಿಯಲ್ಲಿ ಹೊಚ್ಚ ಹೊಸ ಬೆಲ್ಟ್ ಹಾಕಿದರೆ ಅಲ್ಲಿಂದ ಬರುವಾಗ ಅದನ್ನು ಮೆಲ್ಲಗೆ ಓಡಿಸುವ ಅವಕಾಶ ನಿಮಗೆ ಸಿಗುವುದಿಲ್ಲ. ಯಾವ ದಿಕ್ಕಿಗೆ ತಿರುಗಿತ್ತು ಅಂತ ಬೆಳ್ಳಿ ಬಣ್ಣದ ಮಾರ್ಕರ್‌ನಲ್ಲಿ ಬಾಣ ಬರೆದು, ಹಾಕಿದ ತಾರೀಕು ಮತ್ತು ಕಿಲೋಮೀಟರ್ ಬರೆಯಿರಿ. ಸ್ಪೇರ್ ಬೆಲ್ಟನ್ನು ಮಡಚಿ ತುರುಕಬೇಡಿ, ಅದರ ಜಾಗದಲ್ಲಿ ದುಂಡಗೆ ಇಡಿ.

ಏನೇ ಬದಲಾಯಿಸಿದರೂ ಒಂದು ಸಲಕ್ಕೆ ಒಂದೇ. ಸ್ಪ್ರಿಂಗ್, ವೇಟ್, ಅಲೈನ್‌ಮೆಂಟ್ ಮೂರನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕು. ನಾನು ಮೌಂಟ್ ಒಂದನ್ನೇ ಬದಲಾಯಿಸಿ, ಅಲೈನ್‌ಮೆಂಟ್ ಮತ್ತೆ ಅಳೆದು, ಅದೇ ಬೌಲ್ಡರ್ ಮೌಂಟನ್‌ಗೆ ಹೋಗಿ ಅದೇ ಏರು ಹತ್ತಿ ಬೆಲ್ಟ್ ಅಳೆದೆ. 66 ಡಿಗ್ರಿ ಬಂತು. ಮೊದಲು ಅಲ್ಲೇ 97 ಬರುತ್ತಿತ್ತು. ಆ ಬೆಲ್ಟ್ ಇನ್ನೂ ಸ್ಲೆಡ್ ಮೇಲಿದೆ, 1,140 ಕಿಲೋಮೀಟರ್ ಆಗಿದೆ, ಎರಡೂ ಅಂಚು ಸಮನಾಗಿ ಸವೆದಿವೆ.